ದ್ವೀಪದಲ್ಲಿ ಮೂರು ಸುತ್ತು

ನಮ್ಮ ಅಬ್ಬಾ ತುಮಕೂರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಕೂದಲಿನಷ್ಟು ಸಣ್ಣ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಮನುಷ್ಯನಿಗೆ ಕಣ್ಣು ಹೋಗುತ್ತಿದೆ ಎಂದು ಯಾರು ತಾನೇ ಅಂದುಕೊಂಡಾರು? ಮನೆಯಲ್ಲಿ ಬಾಗಿಲಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು. ಪಕ್ಕದಲ್ಲಿಟ್ಟ ಚಹಾದ ಲೋಟ ಉರುಳಿಸುತ್ತಿದ್ದರು. "ಗ್ಯಾನ ಎಲ್ಲಿಟ್ಟಿರ್ತೀರೋ," ಎಂದು ಅಮ್ಮಿ ಗೊಣಗುತ್ತಾ ನೆಲ ಒರೆಸುತ್ತಿದ್ದಳು. ನಾವೂ ಹಾಗೆಯೇ ತಿಳಿದಿದ್ದೆವು.

ನಾನು ಮೊದಲ ಪಿಯುಸಿಯಲ್ಲಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ದಸರಾ ರಜೆಯಲ್ಲಿ ಒಂದು ದಿನ ಅಬ್ಬಾ ಇದ್ದಕ್ಕಿದ್ದಂತೆ ಶ್ರೀರಂಗಪಟ್ಟಣಕ್ಕೆ ಹೋಗೋಣ ಎಂದರು. ನಮ್ಮ ಹಳೆಯ ಬಿಳಿ ಮಾರುತಿ ಕಾರು ಆ ದಿನದವರೆಗೆ ಹೋಗಿದ್ದೆಂದರೆ ಗುಬ್ಬಿಯ ಚಾಚಾನ ಮನೆಗೆ, ಒಮ್ಮೆ ದೇವರಾಯನದುರ್ಗಕ್ಕೆ, ಅಷ್ಟೇ. "ಸುತ್ತಲೂ ಕಾವೇರಿ, ಮಧ್ಯದಲ್ಲಿ ಊರು. ಪುಟ್ಟ ದ್ವೀಪ. ಕಾರಲ್ಲೇ ಒಂದು ಸುತ್ತು ಹಾಕ್ಕೊಂಡು ಬರ್ಬೋದು," ಎಂದರು. ನಮ್ಮ ಮನೆಮಾತು ಉರ್ದು. ಆದರೆ ಆ ದಿನ ಆಡಿದ ಮಾತುಗಳು ನನಗೆ ಯಾಕೋ ಕನ್ನಡದಲ್ಲೇ ನೆನಪಾಗುತ್ತವೆ.

ಬೆಳಿಗ್ಗೆ ತುಮಕೂರಿನ ನಮ್ಮ ಸದಾಶಿವನಗರ ಬಿಡುವಾಗ ಅಮ್ಮಿ ಮುಂದೆ ಕೂರಲು ಹೋದಳು. ಅಬ್ಬಾ ತಡೆದು ನನ್ನನ್ನು ತೋರಿಸಿದರು. "ಇವಳು ಕೂತ್ಕೊಳ್ಳಲಿ. ಬೋರ್ಡ್ ಓದಿ ಹೇಳ್ತಾ ಬರ್ತಾಳೆ." ಅಮ್ಮಿ ಒಂಬತ್ತು ವರ್ಷದ ನನ್ನ ತಂಗಿಯ ಜೊತೆ ಹಿಂದೆ ಕೂತಳು. ಮುಂದಿನ ಸೀಟು ಸಿಕ್ಕಿತೆಂದು ನಾನು ಹಿಗ್ಗಿದೆ.

ಕುಣಿಗಲ್ ತಲುಪುವಾಗ ತಂಗಿ ಕಿಟಕಿಗೆ ಮುಖವಿಟ್ಟು ಕಿರುಚಿದಳು, "ಅಬ್ಬಾ, ಕುದುರೆ! ಎಷ್ಟೊಂದು ಕುದುರೆ!" ಬೇಲಿಯಾಚೆ ಕಂದು ಬಣ್ಣದ ನಾಲ್ಕೈದು ಕುದುರೆಗಳು ಮೇಯುತ್ತಿದ್ದವು. ಅಬ್ಬಾ ಕತ್ತನ್ನೂ ತಿರುಗಿಸದೆ, "ಹೌದು ಹೌದು, ಚೆನ್ನಾಗಿದಾವೆ," ಎಂದರು. ಅಷ್ಟರಲ್ಲಿ ಎಡಗಡೆಯಿಂದ ಒಬ್ಬ ಸೈಕಲ್ಲಿನವನು ರಸ್ತೆಗೆ ಬಂದ. ನಾನು "ಅಬ್ಬಾ!" ಎಂದು ಕೂಗಿದ ಮೇಲೆಯೇ ಅವರು ಬ್ರೇಕ್ ಹಾಕಿದ್ದು. "ನೋಡ್ದೆ, ನೋಡ್ದೆ. ಅದಕ್ಯಾಕೆ ಅಷ್ಟು ಜೋರಾಗಿ ಕೂಗ್ತೀಯಾ?"

ಅವರು ನೋಡಿರಲಿಲ್ಲ. ಸೈಕಲ್ಲಿನವನ ಪಂಚೆಯ ಅಂಚು ನಮ್ಮ ಕಾರನ್ನು ಸವರಿತ್ತು.

ನಾಗಮಂಗಲ ದಾಟುವಷ್ಟರಲ್ಲಿ ಇನ್ನೂ ಎರಡು ಸಲ ಹಾಗಾಯಿತು. ಒಮ್ಮೆ ಮೇಕೆ, ಒಮ್ಮೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು. ಎದುರಿಗೆ ದೂರದಲ್ಲಿ ಬರುವ ಲಾರಿ ಅವರಿಗೆ ಚೆನ್ನಾಗಿ ಕಾಣುತ್ತಿತ್ತು; ಪಕ್ಕದಲ್ಲಿ ನಡೆಯುವ ಮನುಷ್ಯ ಕಾಣುತ್ತಿರಲಿಲ್ಲ. ಇದು ನನಗೆ ಆಗ ಅರ್ಥವಾಯಿತು. ಹಿಂದೆ ತಿರುಗಿ ನೋಡಿದೆ. ಅಮ್ಮಿ ತಂಗಿಗೆ ಕಿತ್ತಳೆ ಸುಲಿದು ಕೊಡುತ್ತಿದ್ದಳು. ಹೇಳೋಣ ಎಂದು ಬಾಯಿ ತೆರೆದೆ. ಅಬ್ಬಾ ಸಣ್ಣ ದನಿಯಲ್ಲಿ, "ಬೇಟಾ, ನಿಮ್ಮಮ್ಮಿಗೆ ಏನೂ ಹೇಳ್ಬೇಡ. ನೀನು ಪಕ್ಕ ನೋಡ್ಕೋ, ಸಾಕು," ಎಂದರು. ಹದಿನಾರು ವರ್ಷದವಳಿಗೆ ಅಪ್ಪ ಹಾಗೆ ಬೇಡಿಕೊಂಡರೆ ಏನು ಮಾಡಬೇಕೆಂದು ತೋಚಲಿಲ್ಲ. ತಲೆಯಾಡಿಸಿದೆ. ಅದು ಅವರಿಗೆ ಕಂಡಿತೋ ಇಲ್ಲವೋ.

ಸೇತುವೆ ದಾಟಿ ದ್ವೀಪಕ್ಕೆ ಬಂದೆವು. ಹೊಳೆ ತುಂಬಿ ಹರಿಯುತ್ತಿತ್ತು. ಬಂಡೆಗಳ ಸಂದಿಯಲ್ಲಿ ನೊರೆ, ದಡದ ತುಂಬ ಹಸಿರು. ಇವತ್ತಿಗೂ ಆ ಊರಿನ ಚಿತ್ರ ನೋಡಿದರೆ ಎಷ್ಟು ಚೆಂದ ಅನ್ನಿಸುತ್ತದೆ. ಆ ದಿನ ನಾನು ಯಾವುದನ್ನೂ ನೋಡಲಿಲ್ಲ. ನನ್ನ ಕಣ್ಣೆಲ್ಲ ರಸ್ತೆಯ ಎರಡು ಅಂಚುಗಳ ಮೇಲೆ.

ಕೋಟೆಯ ಬಾಗಿಲು, ದೇವಸ್ಥಾನದ ಬೀದಿ, ಮಸೀದಿಯ ಜೋಡಿ ಮಿನಾರು. ಅಲ್ಲಿಂದ ಗುಂಬಜ್‌ಗೆ ಹೊರಟೆವು. ತಿರುವು ಬಲಕ್ಕಿತ್ತು. ಅಬ್ಬಾ ನೇರ ಹೋದರು. ಮತ್ತೆ ಸುತ್ತಿಕೊಂಡು ಬಂದೆವು, ಮತ್ತೆ ತಪ್ಪಿತು. ನಾನು "ಬಲಕ್ಕೆ" ಎನ್ನುವಷ್ಟರಲ್ಲಿ ಎದುರಿಗೆ ಟಾಂಗಾ ಬಂದಿತ್ತು, ಪಕ್ಕದಲ್ಲಿ ಕಬ್ಬಿನ ಗಾಡಿ. "ಈ ಮರ ಆಗ್ಲೇ ನೋಡಿದ್ವಲ್ಲ," ಎಂದಳು ತಂಗಿ. ಅಬ್ಬಾ ನಕ್ಕರು. "ದ್ವೀಪ ಕಣಮ್ಮ ಇದು. ಎಲ್ಲಿ ಹೋದ್ರೂ ನೀರೇ ಸಿಗೋದು. ದಾರಿ ತಪ್ಪೋ ಮಾತೇ ಇಲ್ಲ." ಸ್ಟಿಯರಿಂಗ್ ಹಿಡಿದ ಅವರ ಬೆರಳುಗಳು ಬಿಳಿಚಿಕೊಂಡಿದ್ದವು.

ಮೂರನೇ ಸುತ್ತಿನಲ್ಲಿ ಸಂಗಮಕ್ಕೆ ಬಂದುಬಿಟ್ಟೆವು. ಅಲ್ಲಿ ದಾರಿ ಹೊಳೆಯ ಕಡೆಗೆ ಇಳಿಯುತ್ತದೆ. ಎಡಗಡೆ ಮರದಡಿ ಒಂದು ಸಂಸಾರ ಊಟ ಮುಗಿಸಿ ಕೂತಿತ್ತು. ಒಬ್ಬಳು ತಟ್ಟೆ ತೊಳೆಯುತ್ತಿದ್ದಳು. ಅವಳ ಪಕ್ಕದಲ್ಲಿದ್ದ ಪುಟ್ಟ ಮಗು ಎದ್ದು ತಟತಟ ಹೆಜ್ಜೆಯಿಡುತ್ತಾ ಕಾರಿನ ಮುಂದಕ್ಕೆ ಬಂತು. ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದೆ. ಕಾರು ಜಗ್ಗಿ ನಿಂತಿತು. ತಂಗಿ ಮುಗ್ಗರಿಸಿ ಅತ್ತಳು.

ತಟ್ಟೆ ಬಿಸಾಡಿ ಓಡಿಬಂದ ಆ ತಾಯಿ ಮಗುವನ್ನು ಎತ್ತಿಕೊಂಡು ಬಾನೆಟ್ಟಿಗೆ ಗುದ್ದಿದಳು. "ಏನ್ ಸಾಬ್ರೇ, ಕಣ್ ಕಾಣಾಕಿಲ್ವಾ ನಿಮ್ಗೆ? ಮಗಾ ಹೋಗ್ಬುಡ್ತಿತ್ತಲ್ಲಾ!"

ಅಬ್ಬಾ ಇಳಿದರು. ಕೈ ಮುಗಿದರು. "ಕಾಣಲ್ಲ ಕಣಮ್ಮ," ಎಂದರು. "ಪಕ್ಕ ಕಾಣಲ್ಲ."

ಬೈಯಲು ಬಂದಿದ್ದ ಗಂಡಸರು ಹಿಂದೆ ಸರಿದರು. ಅಮ್ಮಿ ಕಾರಿನಿಂದ ಇಳಿದು ಬಂದು ಕೇಳಿದಳು, "ಯಾವಾಗಿಂದ?"

"ರಂಜಾನ್‌ಗೆ ಮುಂಚೆ ಡಾಕ್ಟರ್ ಹೇಳಿದ್ರು. ಸುತ್ತಲಿಂದ ಮುಚ್ಕೊಂಡು ಬರತ್ತಂತೆ. ಪೂರ್ತಿ ಮುಚ್ಚೋದ್ರೊಳಗೆ ನಿಮ್ಮನ್ನೆಲ್ಲ ಕರ್ಕೊಂಡು ಒಂದೂರು ನೋಡ್ಬೇಕು ಅನ್ಸ್ತು."

"ನೀವು ನೋಡೋದಕ್ಕೋಸ್ಕರ ನನ್ನ ಮಕ್ಕಳನ್ನ ಸಾಯಿಸ್ತಿದ್ರಲ್ಲ," ಎಂದಳು ಅಮ್ಮಿ. ತಂಗಿಯ ಕೈ ಹಿಡಿದು, ಊಟದ ಡಬ್ಬಿ ಎತ್ತಿಕೊಂಡು, ನಿಂತಿದ್ದ ಟಾಂಗಾದ ಕಡೆ ನಡೆದಳು. "ನಾನು ಆ ಕಾರು ಹತ್ತಲ್ಲ. ನೀನೂ ಹತ್ಬೇಡ," ಎಂದಳು ನನಗೆ.

ನಾನು ಹತ್ತಲಿಲ್ಲ. ಆದರೆ ಅಬ್ಬಾ ಹೋಗಿ ಸ್ಟಿಯರಿಂಗ್ ಹಿಂದೆ ಕೂತರು. "ಬಸ್‌ಸ್ಟ್ಯಾಂಡ್‌ವರೆಗೆ ತಗೊಂಡು ಹೋಗಿ ನಿಲ್ಲಿಸ್ತೀನಿ. ಇಲ್ಲಿ ಬಿಟ್ಟು ಹೋಗೋಕಾಗತ್ತಾ?" ಎಂದು ಕೀಲಿ ತಿರುಗಿಸಿದರು. ಬೇಡ ಅಬ್ಬಾ ಎಂದೆ. ಕಾರಿನ ಕಿಟಕಿಯ ಅಂಚು ಹಿಡಿದು ಅತ್ತೆ. ಕಾರು ನಿಧಾನಕ್ಕೆ ಹಿಂದೆ ಸರಿಯತೊಡಗಿತು. ಹಿಂದೆ ಯಾರಿದ್ದಾರೆಂದು ಅವರಿಗೆ ಗೊತ್ತಿರಲಿಲ್ಲ. ಅವರನ್ನು ಒಬ್ಬರನ್ನೇ ಬಿಟ್ಟರೆ ಯಾರನ್ನು ಕೊಲ್ಲುತ್ತಾರೋ, ತಾವೇ ಹೊಳೆಗೆ ಇಳಿಯುತ್ತಾರೋ. ಬಾಗಿಲು ತೆಗೆದು ಒಳಗೆ ಹಾರಿದೆ.

ದ್ವೀಪದ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದ ಆ ದಾರಿ ಎಷ್ಟು ಉದ್ದವೆಂದು ಅಳೆದವರಿಗೆ ಗೊತ್ತು. ನನಗೆ ಅದು ಮುಗಿಯಲೇ ಇಲ್ಲ. "ಎಡಕ್ಕೆ ನಾಯಿ. ಬಲಕ್ಕೆ ಇಬ್ಬರು ಹೆಂಗಸರು. ನಿಲ್ಸಿ. ನಿಲ್ಸಿ ಅಬ್ಬಾ. ಈಗ ಹೋಗಿ. ಎಡಕ್ಕೆ ಸೈಕಲ್." ಕಣ್ಣೀರು ಬಂದರೆ ನನಗೂ ರಸ್ತೆ ಮಸುಕಾಗುತ್ತಿತ್ತು, ಒರೆಸಿಕೊಳ್ಳಲು ಹೆದರಿಕೆ. ಬಿಸಿಲು ಇಳಿಯುತ್ತಿದ್ದಂತೆ ಎದುರೂ ಸರಿಯಾಗಿ ಕಾಣದಾಯಿತೇನೋ, ಅವರು ನನ್ನ ಮಾತಿಗೆ ತಡವಾಗಿ ಓಗೊಡತೊಡಗಿದರು. ಹಿಂದೆ ಟಾಂಗಾದ ಗಂಟೆ ಕೇಳುತ್ತಿತ್ತು. ಅಮ್ಮಿ ನಮ್ಮ ಬೆನ್ನ ಹಿಂದೆಯೇ ಬರುತ್ತಿದ್ದಳು.

ಬಸ್‌ಸ್ಟ್ಯಾಂಡ್ ಹತ್ತಿರ ಪಂಕ್ಚರ್ ಅಂಗಡಿಯೊಂದರ ಮುಂದೆ ಕಾರು ನಿಂತಿತು. ಅಬ್ಬಾನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಅಂಗಡಿಯವನು ಎಲ್ಲ ಕೇಳಿ, "ಇಲ್ಲೇ ಇರ್ಲಿ ಬುಡಿ ಸಾಬ್ರೇ, ಯಾರೂ ಮುಟ್ಟಾಕಿಲ್ಲ," ಎಂದ. ಅಬ್ಬಾ ಕೀಲಿಯನ್ನು ಅವನಿಗೆ ಕೊಡದೆ ನನ್ನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು. ಮಾರನೆಯ ದಿನ ಗುಬ್ಬಿಯಿಂದ ಚಾಚಾ ಹೋಗಿ ಕಾರು ತಂದರು.

ನಾವು ಬಸ್ಸು ಬದಲಿಸಿಕೊಂಡು ಊರಿಗೆ ಬಂದೆವು. ನಾನು ಮಾಡಿದ್ದು ತಪ್ಪೋ ಸರಿಯೋ ಎಂದು ಇಂದಿಗೂ ನನಗೆ ತೀರ್ಮಾನವಾಗಿಲ್ಲ. ಕುಣಿಗಲ್‌ನಲ್ಲೇ ಕೂಗಿ ಹೇಳಬಹುದಿತ್ತು. ಆ ಮಗು ಇನ್ನೊಂದು ಹೆಜ್ಜೆ ಮುಂದಿಟ್ಟಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮಕ್ಕಳಾದ ಮೇಲೆ ಈ ಯೋಚನೆ ಹೆಚ್ಚಾಗಿದೆ.

ಬೆಂಗಳೂರಿನ ಕಣ್ಣಾಸ್ಪತ್ರೆಯವರು, ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಇರುವುದನ್ನು ಉಳಿಸಬಹುದು ಎಂದರು. ಔಷಧಿ ಕೊಟ್ಟರು, ಬೆಳಿಗ್ಗೆ ಒಂದು ಹನಿ, ಸಂಜೆ ಒಂದು ಹನಿ. ಉಳಿದದ್ದು ಒಂದು ಕೊಳವೆಯಷ್ಟು ಬೆಳಕು. ಅದರಲ್ಲೇ ಅಬ್ಬಾ ಇನ್ನೂ ಹಲವು ವರ್ಷ ಗಡಿಯಾರ ರಿಪೇರಿ ಮಾಡಿದರು. ಹನಿ ಹಾಕುತ್ತಿದ್ದವಳು ಅಮ್ಮಿ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಹಣೆಯನ್ನು ಅಂಗೈಯಲ್ಲಿ ಒತ್ತಿ ಹಿಂದಕ್ಕೆ ಬಾಗಿಸಿ, ರೆಪ್ಪೆ ಬಿಡಿಸಿ, "ಮೇಲೆ ನೋಡಿ," ಎನ್ನುತ್ತಿದ್ದಳು. ಮೊದಲ ಎರಡು ತಿಂಗಳು ಅವಳು ಅವರೊಂದಿಗೆ ಆಡಿದ್ದು ಅದೊಂದೇ ಮಾತು.