ಖಾಲಿ ಗಾಡಿಗೆ ಲೈಟ್ ಕೂರಿಸದ ನಂಜಪ್ಪಣ್ಣ

ತೊಂಬತ್ತರ ದಶಕದಲ್ಲಿ ಸಂಜೆ ಹೊತ್ತು ಹೊಳೆನರಸೀಪುರದ ಅರಕಲಗೂಡು ರಸ್ತೆಯಲ್ಲಿ ಓಡಾಡಿದವರು ಒಂದು ನೋಟ ಕಂಡಿರುತ್ತಾರೆ. ನಿಂತ ಟೆಂಪೋದ ಹಿಂದೆ ಎಂಟು ಹತ್ತು ಜನ ಹತ್ತಿ ಕೂತಿರುತ್ತಿದ್ದರು. ಕೈಯಲ್ಲಿ ಟೀ ಲೋಟ, ಬೀಡಿ. ಟೆಂಪೋ ಎಲ್ಲಿಗೂ ಹೊರಟಿರುತ್ತಿರಲಿಲ್ಲ. ಅದರ ಮೂತಿ ಒಂದು ಸುಣ್ಣದ ಗೋಡೆಯ ಕಡೆ ತಿರುಗಿರುತ್ತಿತ್ತು. ಗೋಡೆಯ ಮೇಲೆ ಇದ್ದಿಲಿನಲ್ಲಿ ಎಳೆದ ಅಡ್ಡಗೆರೆ. ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಹೆಡ್‌ಲೈಟಿನ ಬೆಳಕು ಗೆರೆಯ ಮೇಲೆ ಬಿದ್ದಿದೆಯೋ ಇಲ್ಲವೋ ಎಂದು ನೋಡುತ್ತಿದ್ದವನು ನಂಜಪ್ಪಣ್ಣ.

ಅವನು ಖಾಲಿ ಗಾಡಿಗೆ ಲೈಟ್ ಕೂರಿಸುತ್ತಿರಲಿಲ್ಲ. ಡ್ರೈವರುಗಳು ಗೊಣಗಿದರೆ, "ಗಾಡಿ ಇಲ್ಲಿ ನಿಂತಂಗೆ ರೋಡಲ್ಲಿ ಇರಕಿಲ್ಲ ಕಣಯ್ಯಾ. ಮೂಟೆ ಏರಿದ್ಮೇಲೆ ಹಿಂದೆ ಕುಸೀತದೆ, ಮುಂದೆ ಮೂತಿ ಎತ್ತತದೆ. ಆಗ ಬೆಳಕು ಎಲ್ಲಿಗೋಯ್ತದೆ? ಎದುರುಗಡೆಯೋನ ಕಣ್ಣಿಗೆ" ಎನ್ನುತ್ತಿದ್ದ. ಆಮೇಲೆ ಟೀ ಅಂಗಡಿಯ ಕಡೆ ತಿರುಗಿ, "ಬನ್ರಪ್ಪಾ, ಒಂದೈದು ನಿಮಿಷ ಆಲೂಗಡ್ಡೆ ಆಗಿ" ಎಂದು ಕೂಗುತ್ತಿದ್ದ. ಜನ ನಗುತ್ತಾ ಹತ್ತುತ್ತಿದ್ದರು. ಒಬ್ಬ ದಪ್ಪಗಿನ ಮೇಷ್ಟ್ರು ಹತ್ತಿದರೆ, "ನೀವೊಬ್ರೇ ಎರಡು ಮೂಟೆ ಸಾ" ಎನ್ನುವನು. ಮೇಷ್ಟ್ರಿಗೂ ಅದು ಖುಷಿ.

ಈ ನಗು ನನ್ನ ಅಂಗಡಿಗೆ ಕೇಳುತ್ತಿತ್ತು. ನನ್ನದೂ ಆಟೋ ಎಲೆಕ್ಟ್ರಿಕಲ್ ಅಂಗಡಿಯೇ, ಅದೇ ರಸ್ತೆಯಲ್ಲಿ, ಐವತ್ತು ಹೆಜ್ಜೆ ಆಚೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಹಾಸನದ ಒಂದು ಶೆಡ್ಡಿನಲ್ಲಿ ಬ್ಯಾಟರಿ ಆಸಿಡ್ಡಿನಿಂದ ಅಂಗಿ ತೂತು ಮಾಡಿಕೊಂಡು ಕೆಲಸ ಕಲಿತವನು ನಾನು. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆಯುತ್ತಿದ್ದೆ. ನಂಜಪ್ಪಣ್ಣ ಬರುವುದು ಹತ್ತಕ್ಕೆ. ವೈರಿಂಗಿನಲ್ಲಿ ನನ್ನ ಕೈ ಅವನಿಗಿಂತ ಚುರುಕು. ಇದು ಜಂಬದ ಮಾತಲ್ಲ, ಸುಟ್ಟ ಡೈನಮೋ ಬಿಚ್ಚಿ ಕಟ್ಟುವುದರಲ್ಲಿ ಹಾಸನದಲ್ಲೂ ನನಗೆ ಸಮ ಯಾರಿರಲಿಲ್ಲ. ಆದರೂ ಊರಿನ ಜನಕ್ಕೆ ಲೈಟು ಎಂದರೆ ನಂಜಪ್ಪ. ಊರಲ್ಲಿದ್ದ ಮೂರು ಖಾಸಗಿ ಬಸ್ಸುಗಳ ಮಾಲೀಕ ಗೌಡರು ನನ್ನ ಅಂಗಡಿಯ ಮುಂದೆಯೇ ಹಾದು ಅವನ ಹತ್ತಿರ ಹೋಗಿ ನಿಲ್ಲಿಸುತ್ತಿದ್ದರು. ಆ ಮೂರು ಬಸ್ಸು ನನ್ನ ಅಂಗಡಿಯ ಮುಂದೆ ನಿಲ್ಲಬೇಕು ಎನ್ನುವುದು ಎಷ್ಟೋ ವರ್ಷ ನನ್ನ ಎದೆಯಲ್ಲಿ ಕೂತಿದ್ದ ಒಂದೇ ಆಸೆ. ದೇವರ ಮುಂದೆ ನಿಂತರೂ ಅದನ್ನೇ ಕೇಳುತ್ತಿದ್ದೆ.

ನಾನೂ ಗೋಡೆಗೆ ಗೆರೆ ಎಳೆದೆ. ಅವನದು ಇದ್ದಿಲು, ನನ್ನದು ಕೆಂಪು ಪೇಂಟು. ಆದರೆ ಜನರನ್ನು ಕರೆದು ಹತ್ತಿಸಲು ನನಗೆ ಮನಸ್ಸು ಬರಲಿಲ್ಲ. ಅವನನ್ನು ನೋಡಿ ಕಲಿತ ಎಂದಾರು ಎಂಬ ಅಭಿಮಾನ. ಅದರ ಬದಲು ಅವನು ಮಾಡದ ಕೆಲಸ ಹಿಡಿದೆ. ಆಗ ನೂರು ವ್ಯಾಟಿನ ಹ್ಯಾಲೊಜೆನ್ ಬಲ್ಬುಗಳು ಬಂದಿದ್ದವು. ಡ್ರೈವರುಗಳಿಗೆ ಅದರ ಹುಚ್ಚು. ನಂಜಪ್ಪಣ್ಣ ಹಾಕುತ್ತಿರಲಿಲ್ಲ. "ನಿಂಗೆ ದಾರಿ ಕಾಣ್ಬೇಕೋ, ಎದುರಿಗೆ ಬರೋನಿಗೆ ಏನೂ ಕಾಣ್ದಂಗೆ ಆಗ್ಬೇಕೋ?" ಎಂದು ವಾಪಸ್ ಕಳಿಸುತ್ತಿದ್ದ. ಕಳಿಸಿದವರೆಲ್ಲ ನನ್ನಲ್ಲಿಗೆ ಬಂದರು.

ಹಾಗೆ ಬಂದವನು ಪುಟ್ಟರಾಜ, ಅರಕಲಗೂಡು ಕಡೆಯಿಂದ ಹಾಸನಕ್ಕೆ ಆಲೂಗಡ್ಡೆ ಹೊಡೆಯುವ ಟೆಂಪೋದವನು. ಅವನ ಲೈಟು ಕೂರಿಸಿದ್ದು ನಂಜಪ್ಪಣ್ಣನೇ. "ಏನೂ ಕಾಣಕಿಲ್ಲ ರಂಗಣ್ಣ, ದೊಡ್ಡ ಬಲ್ಬು ಆಕಿ ಒಸಿ ಮೇಲಕ್ಕೆತ್ತು" ಎಂದ. ಬಲ್ಬು ಹಾಕಿದೆ, ಸ್ಕ್ರೂ ತಿರುಗಿಸಿದೆ, ಖಾಲಿ ಟೆಂಪೋದ ಬಲಗಡೆಯ ಬೆಳಕನ್ನು ನನ್ನ ಕೆಂಪು ಗೆರೆಗೆ ತಂದು ನಿಲ್ಲಿಸಿದೆ, ಎಡಗಡೆಯದನ್ನು ಒಂದು ಗೇಣು ಕೆಳಗೆ ಬಿಟ್ಟೆ. ಗೋಡೆ ಮದುವೆ ಮನೆಯ ಹಾಗೆ ಹೊಳೆಯಿತು. ನಂಜಪ್ಪಣ್ಣ ತನ್ನ ಅಂಗಡಿಯಿಂದ ನೋಡಲಿ ಎಂದು ಒಂದು ನಿಮಿಷ ಜಾಸ್ತಿಯೇ ಉರಿಸಿದೆ.

ಹದಿನೈದು ದಿನ ಆಗಿತ್ತು. ಸಂಜೆ ಏಳರ ಹೊತ್ತಿಗೆ ಒಂದು ಹಳ್ಳಿಯ ಟ್ರ್ಯಾಕ್ಟರ್ ನೋಡಲು ಅರಕಲಗೂಡು ಕಡೆಗೆ ಮೊಪೆಡ್ಡಿನಲ್ಲಿ ಹೋಗುತ್ತಿದ್ದೆ. ತಿರುವಿನಲ್ಲಿ ಎದುರಿನಿಂದ ಒಂದು ಬೆಳಕು ಬಂತು. ಬಂತು ಎನ್ನುವುದಕ್ಕಿಂತ ಮುಖಕ್ಕೆ ಬಡಿಯಿತು. ರಸ್ತೆ, ಮರ, ನನ್ನ ಹ್ಯಾಂಡಲ್ಲು, ಒಂದೂ ಕಾಣಲಿಲ್ಲ. ಮೊಪೆಡ್ ಸಮೇತ ಪಕ್ಕದ ಕಾಲುವೆಗೆ ಬಿದ್ದೆ. ಟೆಂಪೋ ನಿಂತಿತು. ಡ್ರೈವರ್ ಇಳಿದು ಬಂದು ನನ್ನನ್ನು ಎತ್ತಿದ.

"ಅಯ್ಯೋ, ರಂಗಣ್ಣ ನೀನಾ?"

"ಪುಟ್ಟರಾಜ, ನಿಂದಾ ಇದು?"

ಹಿಂದೆ ಮೂಟೆ ತುಂಬಿ ಟೆಂಪೋ ಕುಸಿದಿತ್ತು, ಮೂತಿ ಮೇಲೆದ್ದಿತ್ತು. ನನ್ನ ಕೈಮೂಳೆ ಬಿರುಕು ಬಿಟ್ಟಿತ್ತು.

ಮಾರನೆಯ ದಿನ ಟೀ ಅಂಗಡಿಯಲ್ಲಿ ಎಲ್ಲರೂ ಕೈಯ ಪಟ್ಟಿ ನೋಡಿ ಕೇಳಿದರು. ಅಲ್ಲಿ ಗೌಡರೂ ಇದ್ದರು. ಯಾರ ಗಾಡಿ ಎಂದರು. ಹೇಳಿದೆ. ಅದರ ಲೈಟು ಸೆಟ್ ಮಾಡಿದ್ದು ಯಾರು ಎಂದರು.

"ನಂಜಪ್ಪಣ್ಣ" ಎಂದೆ.

ಇಷ್ಟೇ ಅಂದಿದ್ದು. ಆಮೇಲೆ ಸ್ಕ್ರೂ ತಿರುಗಿಸಿದವನು ನಾನು ಎನ್ನುವುದನ್ನು ನುಂಗಿಕೊಂಡೆ. ದೊಡ್ಡ ಬಲ್ಬು ಕೇಳಿದವನು ತಾನೇ ಆದ್ದರಿಂದ ಪುಟ್ಟರಾಜನೂ ಬಾಯಿ ಬಿಡಲಿಲ್ಲ.

ಸುದ್ದಿ ಕೇಳಿ ನಂಜಪ್ಪಣ್ಣ ಟೆಂಪೋವನ್ನು ತರಿಸಿದ. ಜನರನ್ನು ಹತ್ತಿಸಿದ, ಲೈಟು ಹಾಕಿಸಿದ. ಬಲಗಡೆಯ ಬೆಳಕು ಗೆರೆ ಬಿಟ್ಟು ಮಾಡಿನ ಹೆಂಚಿನ ತನಕ ಏರಿ ನಿಂತಿತು. ಗೌಡರು ನೋಡುತ್ತಿದ್ದರು. ಅವನು ಬಲ್ಬನ್ನು ನೋಡಿದ, ಸ್ಕ್ರೂಗಳ ತಲೆಯನ್ನು ಬೆರಳಿನಿಂದ ಮುಟ್ಟಿದ, ತಲೆ ಎತ್ತಿ ನನ್ನ ಪಟ್ಟಿ ಕಟ್ಟಿದ ಕೈ ನೋಡಿದ.

"ಸ್ಕ್ರೂ ತಿರುಗೋಗದೆ ಸಾ. ನಾನು ಇನ್ನೊಂದ್ಸಲ ಕರೆಸಿ ನೋಡ್ಬೇಕಾಗಿತ್ತು" ಎಂದು ಗೌಡರಿಗೆ ಹೇಳಿದ.

"ನನ್ ಬಸ್ನಾಗೆ ಐವತ್ತು ಜನ ಕೂತಿರ್ತಾರೆ ನಂಜಪ್ಪ" ಎಂದರು ಗೌಡರು.

ಮುಂದಿನ ವಾರ ಮೂರೂ ಬಸ್ಸು ನನ್ನ ಅಂಗಡಿಯ ಮುಂದೆ ನಿಂತವು. ಅವತ್ತಿನಿಂದ ನಾನೂ ಜನರನ್ನು ಹತ್ತಿಸಿಯೇ ಲೈಟ್ ಕೂರಿಸಿದೆ. ಕೇಳಿದ್ದು ಸಿಕ್ಕಿತಲ್ಲ, ಇನ್ನು ಹೊಟ್ಟೆಯುರಿ ಆರಬೇಕಿತ್ತು. ಆರಲಿಲ್ಲ. ಬಸ್ಸಿನ ಡ್ರೈವರುಗಳು ಪ್ರತಿಸಲ, "ನಂಜಪ್ಪಣ್ಣ ಇಂಗ್ ಮಾಡ್ತಿರ್ನಿಲ್ಲ, ಅಂಗ್ ಮಾಡ್ತಿದ್ದ" ಎನ್ನುತ್ತಿದ್ದರು. ಅವನಾದರೂ ಸೋತವನ ಹಾಗೆ ಇದ್ದನೇ? ಅದೂ ಇಲ್ಲ. ಕೆಲವು ವರ್ಷದ ಮೇಲೆ ಕರೆಂಟು ಉಳಿಸುವ ಸಿ.ಎಫ್.ಎಲ್. ಬಲ್ಬು ಮನೆಮನೆಗೆ ಬಂತು. ನಮ್ಮೂರಿನ ವೋಲ್ಟೇಜಿಗೆ ಅವು ವರ್ಷ ತುಂಬುವ ಮೊದಲೇ ಕಣ್ಣು ಮುಚ್ಚುತ್ತಿದ್ದವು. ನಂಜಪ್ಪಣ್ಣ ಅವುಗಳ ಬುಡ ಬಿಚ್ಚಿ, ಒಳಗಿನ ಪುಟಾಣಿ ಕೆಪಾಸಿಟರ್ ಬದಲಾಯಿಸಿ, ಮತ್ತೆ ಉರಿಸಿ ಕೊಡತೊಡಗಿದ. ಹೆಂಗಸರು ಸೆರಗಿನಲ್ಲಿ ಬಲ್ಬು ಕಟ್ಟಿಕೊಂಡು ಅವನ ಅಂಗಡಿಯ ಮುಂದೆ ಸಾಲು ನಿಂತರು. ಒಂದು ದಿನ ಆ ಸಾಲಿನಲ್ಲಿ ನನ್ನ ಹೆಂಡತಿಯನ್ನೂ ಕಂಡೆ.

"ಮನೇಲಿ ನಾನಿಲ್ವಾ?" ಎಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದೆ.

"ನೀವು ಬಿಸಾಕು ಅಂದ್ರಿ. ಅವ್ರು ಉರಿಸ್ಕೊಟ್ರು" ಎಂದಳು. ಆ ಬಲ್ಬಿನ ಬೆಳಕಿನಲ್ಲೇ ಉಂಡೆ.

ಆಮೇಲೆ ನಂಜಪ್ಪಣ್ಣನಿಗೆ ಶುಗರ್ ಹೆಚ್ಚಾಗಿ ಕಾಲಿನ ಎರಡು ಬೆರಳು ತೆಗೆದರು. ಅಂಗಡಿ ಮುಚ್ಚಿತು. "ಒಂದ್ಸಲ ನೋಡ್ಕಂಡು ಬನ್ನಿ, ಎಂತಾ ಮನುಷ್ಯ" ಎಂದು ನನ್ನ ಹೆಂಡತಿ ತಿಂಗಳುಗಟ್ಟಲೆ ಹೇಳಿದಳು. ಆ "ಎಂತಾ ಮನುಷ್ಯ" ಎನ್ನುವುದಕ್ಕೇ ನಾನು ಹೋಗುತ್ತಿರಲಿಲ್ಲ. ಕೊನೆಗೆ ಒಂದು ಸಂಜೆ ಹೋದೆ. ಕರೆಂಟು ಹೋಗಿ ಆಗಷ್ಟೇ ಬಂದಿತ್ತು. ಗೋಡೆಯ ಸಿ.ಎಫ್.ಎಲ್. ಮಸುಕಾಗಿ ಹತ್ತಿಕೊಂಡಿತು. ಪೂರ್ತಿ ಬೆಳಗಲು ಅದಕ್ಕೆ ಎರಡು ನಿಮಿಷ ಬೇಕಿತ್ತು. ಅವನ ಮುಖ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ, ನನ್ನದು ಅವನಿಗೆ ಕಾಣುತ್ತಿರಲಿಲ್ಲ. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎನ್ನಿಸಿತು.

"ನಂಜಪ್ಪಣ್ಣ, ಆ ಟೆಂಪೋ ಸ್ಕ್ರೂ ತಿರುಗಿಸಿದ್ದು ನಾನು."

"ಗೊತ್ತು ಕಣ್ಲಾ. ನಾನು ಬಿಗಿ ಮಾಡಿದ್ನ ಇನ್ನೊಬ್ಬ ಮುಟ್ಟಿದ್ರೆ ನಂಗೆ ಗೊತ್ತಾಗಕಿಲ್ವಾ?"

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಗೌಡ್ರು ನಿನ್ನ ಅಂಗಡಿ ಎತ್ತಿಸ್ಬುಡೋರು. ನಂದೇನು, ಸೈಕಲ್ ಲೈಟ್ ಕಟ್ಕಂಡಾದ್ರೂ ಇರ್ತಿದ್ದೆ." ಕಾಲು ಸರಿಮಾಡಿಕೊಂಡ. "ಆದ್ರೂ ಒಂದ್ಮಾತು. ಎಡಗಡೆದು ನೀನು ಚೆಂದಾಗಿ ಕೂರ್ಸಿದ್ದೆ ಕಣ್ಲಾ ರಂಗ. ಅಷ್ಟು ಜನ ಹತ್ತಿದ್ರೂ ಗೆರೆ ಮೇಲೇ ನಿಂತಿತ್ತು. ಬಲಗಡೆದೇ ನೀನು ಕೆಡಿಸ್ಕಂಡಿದ್ದು."

ಅವತ್ತು ನಾನು ಹೆಂಚಿಗೆ ಏರಿದ ಬೆಳಕನ್ನು ಮಾತ್ರ ನೋಡಿದ್ದೆ. ಎಡಗಡೆಯದನ್ನು ನೋಡುವ ಧೈರ್ಯ ಇರಲಿಲ್ಲ. ಅಷ್ಟು ಹೊತ್ತಿಗೆ ಬಲ್ಬು ಪೂರ್ತಿ ಬೆಳಗಿತ್ತು. ಅವನ ಮುಖದಲ್ಲಿ ಕೊಂಕು ಹುಡುಕಿದೆ. ಸಿಗಲಿಲ್ಲ. ದಾರಿಯುದ್ದಕ್ಕೂ ಅವನ ಮೇಲೆ ಸಿಟ್ಟು ಮಾಡಿಕೊಂಡೇ ಮನೆಗೆ ಬಂದೆ. ತಪ್ಪು ಒಪ್ಪಿಕೊಳ್ಳಲು ಹೋದವನಿಗೆ ಬೈಯದೆ, ಕೆಲಸ ಮೆಚ್ಚಿ ಕಳಿಸುವುದಕ್ಕೆ ಇವನಿಗೆ ಮನಸ್ಸು ಎಲ್ಲಿಂದ ಬಂತು? ನನಗೇಕೆ ಅಂಥದ್ದು ಬರಲಿಲ್ಲ?

ಎರಡು ತಿಂಗಳಿಗೆ ನಂಜಪ್ಪಣ್ಣ ತೀರಿಕೊಂಡ. ತಿಥಿಯ ದಿನ ಊಟ ಮುಗಿಸಿ ಕೈ ತೊಳೆಯುತ್ತಿದ್ದ ಗೌಡರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಟವೆಲ್ಲಿನಲ್ಲಿ ಕೈ ಒರೆಸಿಕೊಂಡರು.

"ಅವ್ನು ಇದ್ದಾಗ ಹೇಳಿದ್ರೆ ಬಸ್ಸು ಅವ್ನಿಗೆ ವಾಪಸ್ ಬುಡ್ತಿದ್ದೆ. ಈಗ ಹೇಳಿ ನನ್ನ ಏನ್ ಕೇಳ್ತಾ ಇದೀಯ?" ಎಂದರು.

ನಾನು ಅವರ ಮುಂದಿದ್ದ ನೀರಿನ ಚೊಂಬನ್ನು ಎತ್ತಿ ಪಕ್ಕಕ್ಕಿಟ್ಟೆ.

"ನಾಳೆ ಎರಡನೇ ಬಸ್ಸು ಕಳಿಸ್ತೀನಿ. ಲೈಟು ನೋಡು" ಎಂದು ಹೊರಟುಹೋದರು.

ಬಸ್ಸು ಬಂತು. ತಂದವನು ಪುಟ್ಟರಾಜ. ಟೆಂಪೋ ಮಾರಿ ಅವನು ಗೌಡರ ಬಸ್ಸಿಗೆ ಡ್ರೈವರಾಗಿ ಸೇರಿದ್ದ. ಜನ ಕೂತರು, ನಾನು ಸ್ಕ್ರೂ ಹಿಡಿದೆ. ಯಾವತ್ತೂ ಅರ್ಧ ಗಂಟೆಯ ಕೆಲಸ, ಅವತ್ತು ಒಂದೂವರೆ ಗಂಟೆ ಹಿಡಿಯಿತು. ಪುಟ್ಟರಾಜ ಹಿಂದಕ್ಕೆ ನಡೆದು, ಸೊಂಟಕ್ಕೆ ಕೈ ಕೊಟ್ಟು ಗೋಡೆಯನ್ನು ನೋಡಿದ.

"ಪರವಾಗಿಲ್ಲ ರಂಗಣ್ಣ. ನಂಜಪ್ಪಣ್ಣ ಮಾಡ್ದಂಗೇ ಅದೆ."

ಬೇರೆ ದಿನವಾಗಿದ್ದರೆ ಆ ಮಾತಿಗೆ ಸ್ಪ್ಯಾನರ್ ಎಸೆದು ಒಳಗೆ ಹೋಗುತ್ತಿದ್ದೆ.

"ಬಲಗಡೆದೂವಾ?" ಎಂದು ಕೇಳಿದೆ.

ಅವನು ಇನ್ನೊಂದು ಸಲ ನೋಡಲು ಗೋಡೆಯ ಹತ್ತಿರ ಹೋದ.