ಮಾದಾಪುರದಲ್ಲಿ ‘ಬ್ಯಾಡ’ ಅಂದು ಕೆಟ್ಟೆ

ನನ್ನ ಮುಂದೆ ಇಟ್ಟ ಬಟ್ಟಲಿನಿಂದ ಹೊಗೆ ಏಳುತ್ತಿತ್ತು. ಸಾದಾ ಬಟ್ಟಲಲ್ಲ, ಹೊಟ್ಟೆ ಬಿಟ್ಟುಕೊಂಡು ನಗುವ ಪಿಂಗಾಣಿಯ ಮುದುಕ. ಅವನ ನೆತ್ತಿಗೊಂದು ತೂತು, ತೂತಿನಲ್ಲೊಂದು ಕಾಗದದ ಕೊಡೆ. ಚಹಾ ಇರಬೇಕೆಂದು ಉಫ್ ಉಫ್ ಊದಿ, ಬಾಯಿ ಸುಡದಂತೆ ಮೆಲ್ಲಗೆ ಹೀರಿದೆ. ಹಲ್ಲು ಜುಮ್ಮೆಂದಿತು. ಒಳಗಿದ್ದದ್ದು ಮಂಜುಗಡ್ಡೆಯಂಥ ಲಿಚಿ ಹಣ್ಣಿನ ಶರಬತ್ತು. ನಮ್ಮ ಗದಗದಲ್ಲಿ ಹೊಗೆಯಾಡುವುದು ಬಿಸಿ ಇರುತ್ತದೆ, ತಣ್ಣಗಿರುವುದು ಸುಮ್ಮನಿರುತ್ತದೆ. ಹೈದರಾಬಾದಿಗೆ ಬಂದು ನಾಲ್ಕು ತಿಂಗಳಾದರೂ ನಾನು ಇಂಥವುಗಳಲ್ಲೇ ಎಡವುತ್ತಿದ್ದೆ.

ಗದಗದ ಅಣ್ಣನ ಮನೆಯಿಂದ ದಿನಾ ರೈಲು ಹಿಡಿದು ಹುಬ್ಬಳ್ಳಿಯ ರಟ್ಟಿನ ಡಬ್ಬಿ ಕಾರ್ಖಾನೆಗೆ ಹೋಗುತ್ತಿದ್ದವಳು ನಾನು. ಅಲ್ಲಿಯ ಘಟಕ ಮುಚ್ಚಿತು. ಸ್ಟೋರ್ ನೋಡಿಕೊಳ್ಳುತ್ತಿದ್ದ ನನ್ನನ್ನು ನಲವತ್ತಾರನೆಯ ವಯಸ್ಸಿನಲ್ಲಿ ನಾಚಾರಂ ಘಟಕಕ್ಕೆ ಕಳಿಸಿದರು. ಹಬ್ಸಿಗುಡದ ಲೇಡೀಸ್ ಹಾಸ್ಟೆಲ್ಲಿನಲ್ಲಿ ನನಗೊಂದು ಮಂಚ, ಒಂದು ಕಪಾಟು. ತೆಲುಗು ಅಕ್ಷರ ನಮ್ಮದರ ಹಾಗೇ ಇರುವುದರಿಂದ ಬಸ್ಸಿನ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದೆ. ಅರ್ಥ ಮಾತ್ರ ದೇವರಿಗೇ ಪ್ರೀತಿ. ಗೋಂಗೂರ ಎಂದು ಇವರು ಮೆರೆಸುವ ಸೊಪ್ಪು ನಮ್ಮ ಪುಂಡಿಪಲ್ಯವೇ ಎಂದು ಗೊತ್ತಾದ ದಿನ ಮಾತ್ರ ಎರಡು ತುತ್ತು ಹೆಚ್ಚಿಗೆ ಉಂಡೆ.

ಆದರೆ ಮಧ್ಯಾಹ್ನದ ಊಟ ರುಚಿಸುತ್ತಿರಲಿಲ್ಲ. ಖರೀದಿ ವಿಭಾಗದ ಸ್ವರೂಪ ಮತ್ತು ಇನ್ನಿಬ್ಬರು ಹೆಣ್ಣುಮಕ್ಕಳು ಒಂದೇ ಟೇಬಲ್ಲಿಗೆ ಕೂತು ಡಬ್ಬಿ ಬಿಚ್ಚುತ್ತಿದ್ದರು. ಮೊದಲ ದಿನ ಸ್ವರೂಪ ಪುಳಿಹೋರ, ಅಂದರೆ ಹುಳಿಯನ್ನ, ಮುಂದೆ ಹಿಡಿದಳು. “ಬ್ಯಾಡ್ರಿ” ಎಂದೆ. ಅವಳು ಡಬ್ಬಿ ಹಿಂದಕ್ಕೆಳೆದುಕೊಂಡಳು! ಮರುದಿನವೂ ಅದೇ ಆಯಿತು. ಮೂರನೆಯ ದಿನದಿಂದ ಕೇಳುವುದನ್ನೇ ಬಿಟ್ಟರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲನೆಯ ‘ಬ್ಯಾಡ’ ಮರ್ಯಾದೆಗೆ. ಎರಡನೆಯದು ಬಡಿಸುವವರ ಮನಸ್ಸು ನೋಡಲಿಕ್ಕೆ. ಮೂರನೆಯ ಸಲಕ್ಕೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವೆ, ಆದರೆ ತುಪ್ಪ ಇಳಿಯುವಷ್ಟು ಬೆರಳು ಬಿಡಿಸಿಕೊಂಡೇ. ಒಂದೇ ಮಾತಿಗೆ ಸೌಟು ಹಿಂದಕ್ಕೆ ತೆಗೆದುಕೊಳ್ಳುವವರನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಕೈ ಗಿಡ್ಡ ಜನ, ಜಿಪುಣರು, ಎಂದು ತೀರ್ಮಾನಿಸಿದೆ. ಅವರ ಪಕ್ಕದಲ್ಲೇ ಕೂತು ಒಬ್ಬಳೇ ಉಣ್ಣುವುದು ಎಷ್ಟು ನೋಯಿಸುತ್ತಿತ್ತೆಂದರೆ, ಒಂದು ದಿನ ಡಬ್ಬಿ ಹಿಡಿದುಕೊಂಡು ಸ್ಟೋರಿನ ರಟ್ಟಿನ ರಾಶಿಯ ಹಿಂದೆ ಹೋಗಿ ಅತ್ತುಬಿಟ್ಟೆ. ಈ ತಿಂಗಳು ಮುಗಿದರೆ ಕೆಲಸ ಬಿಟ್ಟು ಬರುತ್ತೇನೆಂದು ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಫೋನಿನಲ್ಲಿ ಹೇಳಿಯೂ ಆಗಿತ್ತು.

ಅಷ್ಟರಲ್ಲಿ ಸ್ವರೂಪಳಿಗೆ ಬಡ್ತಿ ಸಿಕ್ಕಿ, ನಾಲ್ವರೂ ಮೆಟ್ರೋ ಹತ್ತಿ ಮಾದಾಪುರದ ಈ ಬಾರ್‌ಗೆ ಬಂದೆವು. ಸಂಜೆ ಆರಕ್ಕೇ ಜಾತ್ರೆಯ ಗದ್ದಲ. ಮೇಲೆ ಕೆಂಪು ಲಾಂದ್ರ, ಗೋಡೆಗೆ ಬೆಂಕಿಯುಗುಳುವ ಡ್ರ್ಯಾಗನ್, ಅದರ ಬಾಲದಡಿ ಕೊರಳಪಟ್ಟಿ ಬಿಚ್ಚಿ ಕುಣಿಯುವ ಇಂಜಿನಿಯರುಗಳು. ಚೀನಾ, ಜಪಾನ್, ಥಾಯ್ಲೆಂಡ್ ಎಲ್ಲ ಒಂದೇ ಸೂರಿನಡಿ ಹೊಂದಿಕೊಂಡಿದ್ದವು. ಉಳಿದ ಮೂವರೂ ಮೆಣಸಿನಕಾಯಿ ಸಿಕ್ಕಿಸಿದ ಕಾಕ್‌ಟೇಲ್ ತರಿಸಿಕೊಂಡರು.

ಬಿದಿರಿನ ಪುಟ್ಟ ಬುಟ್ಟಿ ಬಂತು. ಒಳಗೆ ಬಿಸಿಬಿಸಿ ಡಿಮ್‌ಸಮ್, ತರಕಾರಿ ತುಂಬಿ ಹಬೆಯಲ್ಲಿ ಬೇಯಿಸಿದ ಕಡುಬು ಎನ್ನಿ. ಸ್ವರೂಪ ನನ್ನತ್ತ ಬುಟ್ಟಿ ಚಾಚಿದಳು. “ಬ್ಯಾಡ್ರಿ” ಎಂದಿತು ನಾಲಿಗೆ, ನನ್ನನ್ನು ಕೇಳದೆಯೇ. ಬುಟ್ಟಿ ಮುಂದೆ ಹೋಯಿತು. ಅಣಬೆಯ ತಟ್ಟೆ ಬಂತು, ಹೋಯಿತು. ನೂಡಲ್ಸ್ ಬಂತು, ಹೋಯಿತು. ಹಬ್ಬದೂಟವಿದೆಯೆಂದು ಮಧ್ಯಾಹ್ನ ಉಪವಾಸ ಬಿದ್ದಿದ್ದ ನನ್ನ ಹೊಟ್ಟೆ ಡ್ರ್ಯಾಗನ್ನಿಗಿಂತ ಜೋರಾಗಿ ಗುಡುಗತೊಡಗಿತು.

“ಶಿವನ, ಇನ್ನೊಮ್ಮಿ ಕೇಳಿದ್ರ ಇವರ ಗಂಟೇನ ಹೋಗ್ತಿತ್ತು!” ಎಂದು ಗೊಣಗಿಕೊಂಡೆ.

“ಯಾವೂರ್ರಿ ಅಕ್ಕಾರ?”

ತಿರುಗಿ ನೋಡಿದರೆ ಡ್ರ್ಯಾಗನ್ ಚಿತ್ರದ ಕಪ್ಪು ರೇಷ್ಮೆ ಅಂಗಿ, ತಲೆಗೆ ಜಪಾನಿ ಪಟ್ಟಿ, ಕೆಳಗೆ ನರೆತ ಗಿರಿಜಾ ಮೀಸೆ. ನಮಗೆ ಬಡಿಸುತ್ತಿದ್ದ ವೇಟರ್! ಹೆಸರು ಶ್ರೀಕಾಂತ, ಅಜ್ಜನ ಕಾಲಕ್ಕೆ ಕಲಬುರಗಿಯಿಂದ ಬಂದ ಮನೆತನ.

“ಗದಗ ರೀ. ನೀವು ಇಲ್ಲಿ...?”

“ಅದಿರ್ಲಿ. ನೀವ್ಯಾಕ ಏನೂ ತಗೊಳ್ಳವಲ್ರಿ?”

“ಒಂದ ಸಲ ಕೇಳಿ ಸುಮ್ನಾದ್ರ ಹೆಂಗ ತಗೊಳ್ಳೋದ್ರಿ?”

ಶ್ರೀಕಾಂತ ತಟ್ಟೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. “ನಮ್ಮವ್ವಂದೂ ಇದ ಕಥಿ ರೀ. ಮೂರ ಸಲ ಅನ್ನಿಸ್ಕೊಳ್ಳದ ಕೈ ಒಡ್ಡಾಕಿ ಅಲ್ಲ!” ಎಂದು, ಸ್ವರೂಪಳ ಕಡೆ ತಿರುಗಿ ತೆಲುಗಿನಲ್ಲಿ ನನ್ನ ಮಾನ ಹರಾಜು ಹಾಕಿದರು.

ಎಲ್ಲರೂ ನಗುತ್ತಾರೆಂದುಕೊಂಡೆ. ಸ್ವರೂಪ ನಗಲಿಲ್ಲ. ನನ್ನ ಕೈ ಹಿಡಿದು, “ಮೀರು ಮಾ ಚೇತಿದಿ ತಿನರನುಕುನ್ನಂ ಅಕ್ಕಾ” ಎಂದಳು. ಅವರ ಕೈಯಿಂದ ನಾನು ತಿನ್ನುವುದಿಲ್ಲ, ಮಡಿಯವಳು, ಒತ್ತಾಯ ಮಾಡಿದರೆ ನೊಂದುಕೊಂಡೇನು ಎಂದು ಆ ಮೂವರೂ ನಾಲ್ಕು ತಿಂಗಳಿಂದ ಹೆದರಿ ಸುಮ್ಮನಿದ್ದರೆಂದು ಶ್ರೀಕಾಂತ ಬಿಡಿಸಿ ಹೇಳಿದರು. ನನ್ನ ಸಂಕೋಚಕ್ಕೆ ತೆಲುಗಿನಲ್ಲಿ ‘ಮೊಹಮಾಟಂ’ ಎನ್ನುತ್ತಾರೆ. ಅವರ ಮನೆಗಳಲ್ಲೂ ಅದು ಧಾರಾಳವಾಗಿದೆಯಂತೆ. ಕೈ ಗಿಡ್ಡ ಜನ ಎಂದು ಬೈದುಕೊಂಡಿದ್ದ ನನಗೆ ನಾಚಿಕೆಯಾಯಿತು. ತಣ್ಣಗಾದ ಕಡುಬುಗಳನ್ನು ಎರಡು ಕಡ್ಡಿಗಳಿಂದ ಬೆನ್ನಟ್ಟಿ, ಸೋತು, ಕೊನೆಗೆ ಕೈಯಿಂದಲೇ ಆರು ತಿಂದೆ.

ಆಮೇಲೆ ಹೊಸ ಪಜೀತಿ ಶುರುವಾಯಿತು. ಸ್ವರೂಪ ಬೆರಳೆಣಿಸಿ ಎಲ್ಲವನ್ನೂ ಮೂರು ಮೂರು ಸಲ ಕೇಳತೊಡಗಿದಳು, ಕಾಕ್‌ಟೇಲನ್ನೂ ಬಿಡದೆ! ಮೂರನೆಯ ಸಲ ಬೆರಳು ಗಟ್ಟಿಯಾಗಿ ಜೋಡಿಸಿ ಅಂಗೈ ಅಡ್ಡ ಹಿಡಿದೆ.

“ಬೆರಳ ಸಂದಿ ಇಲ್ಲಂದ್ರ ಖರೇನ ಬ್ಯಾಡಂತ,” ಎಂದು ಶ್ರೀಕಾಂತ ತೀರ್ಪು ಕೊಟ್ಟರು.

ಕೆಲಸ ಬಿಡಲಿಲ್ಲ. ಈಗ ಸ್ವರೂಪ ಡಬ್ಬಿ ತೆಗೆಯುವ ಮೊದಲೇ ನನ್ನ ಕೈ ಅದರೊಳಗಿರುತ್ತದೆ. ಹಾಗೆ ಸುಧಾರಿಸಿಕೊಂಡು ನಾಗರಪಂಚಮಿಗೆ ಗದಗದ ತವರಿಗೆ ಹೋದೆ. ಪಕ್ಕದ ಮನೆಯ ನೀಲವ್ವನೂ ಊಟಕ್ಕೆ ಬಂದಿದ್ದಳು.

“ಇನ್ನೊಂದ ಉಂಡಿ ಹಾಕ್ಲೇನ?” ಎಂದರು ವೈನಿ.

“ಹಾಕ್ರಿ,” ಎಂದೆ.

ವೈನಿಯ ಕೈ ಗಳಿಗೆ ಹೊತ್ತು ಗಾಳಿಯಲ್ಲೇ ನಿಂತಿತು. “ಚಲೋ ಆತು ಬಿಡವಾ, ಪ್ಯಾಟಿಯಾಕಿ ಆದಿ,” ಎಂದು ಉಂಡಿ ಹಾಕಿ ಮುಂದೆ ನಡೆದರು. ನೀಲವ್ವ ಬ್ಯಾಡ ಎಂದಳು. ವೈನಿ ಬಿಡಲಿಲ್ಲ. ಮತ್ತೆ ಬ್ಯಾಡ ಎಂದಳು. “ನನ್ನ ಆಣಿ ಐತಿ ನೋಡ, ತಿನ್ನಬೇಕು!” ಎಂದು ವೈನಿ ಅವಳ ಕೈ ಸರಿಸಿ ಎರಡು ಉಂಡಿ ಹಾಕಿದರು. ಇಬ್ಬರೂ ನಗುತ್ತಿದ್ದರು.

ನಾನು ನನ್ನ ತಟ್ಟೆಯ ಉಂಡಿಯನ್ನು ನೋಡುತ್ತ ಕೂತೆ. ಉಂಡಿಯನ್ನೇನೋ ಬಾಯಿಬಿಟ್ಟು ಕೇಳಿ ಹಾಕಿಸಿಕೊಂಡಿದ್ದೆ. ಆಣೆ ಹಾಕಿರಿ ಎಂದು ಯಾರನ್ನು ಕೇಳುವುದು?