ಭಾನುವಾರದ ತಪ್ಪೊಪ್ಪಿಗೆ

ಚಾಮರಾಜಪೇಟೆಯ ಹಳೆಯ ಹಾಲ್ ಒಂದರಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಾವು ಹನ್ನೊಂದು ಮಂದಿ ಸೇರುತ್ತೇವೆ. ಹೆಚ್ಚಿನವರು ರಿಟೈರ್ ಆದವರು. ತಕಲಿಯಲ್ಲಿ ನೂಲು ತೆಗೆಯುತ್ತಾ, ಈ ಕೆಟ್ಟ ಕಾಲದ ಸಮಾಜವನ್ನು ಅಹಿಂಸೆಯಿಂದ ಹೇಗೆ ಮತ್ತೆ ಕಟ್ಟಬಹುದೆಂದು ಮಾತಾಡುತ್ತೇವೆ. ಶುರುವಿನಲ್ಲಿ ಒಂದು ಪದ್ಧತಿಯಿದೆ. ಆ ವಾರ ಯಾರ ಮೇಲಾದರೂ ಕೈ ಮಾಡಿದ್ದರೆ, ಬಾಯಿ ಮಾಡಿದ್ದರೆ ಎದ್ದು ನಿಂತು ಹೇಳಬೇಕು. ಉಳಿದವರು ಏನೂ ಅನ್ನದೆ ನೂಲುತ್ತಿರಬೇಕು. ನನಗೆ ಮೂಗಿನ ತುದಿಯಲ್ಲೇ ಕೋಪ. ಹಾಗಾಗಿ ಎದ್ದು ನಿಲ್ಲುವುದರಲ್ಲಿ ನಾನೇ ಮುಂದು. ಒಪ್ಪಿಕೊಳ್ಳುವ ಚಪಲಕ್ಕೇ ನೀವು ತಪ್ಪು ಮಾಡುವುದು ಎಂದು ಹೆಂಡತಿ ಆಡಿಕೊಳ್ಳುತ್ತಾಳೆ.

ಹೋದ ತಿಂಗಳು ಒಂದು ದಿನ ತರಕಾರಿ ಹಿಡಿದು ಫುಟ್‌ಪಾತ್ ಮೇಲೆ ಬರುತ್ತಿದ್ದೆ. ಊಟ ಡೆಲಿವರಿ ಮಾಡುವವನೊಬ್ಬ ಹಿಂದಿನಿಂದ ಫುಟ್‌ಪಾತ್ ಮೇಲೆಯೇ ಸ್ಕೂಟರ್ ಹತ್ತಿಸಿಕೊಂಡು ಬಂದು ಮೊಣಕೈಗೆ ತಾಗಿಸಿದ. ಟೊಮ್ಯಾಟೊ ಎಲ್ಲ ಚರಂಡಿ ಪಾಲು. ಅವನು ಗಾಡಿ ನಿಲ್ಲಿಸಿ, ಸಾರಿ ಕೇಳಲೆಂದೇ ಹೆಲ್ಮೆಟ್ ತೆಗೆದ. ಆ ಕೆನ್ನೆಗೇ ಬಾರಿಸಿಬಿಟ್ಟೆ.

ಅವನು ತಿರುಗಿ ಬೀಳಲಿಲ್ಲ. ಕೆನ್ನೆ ಹಿಡಿದುಕೊಂಡೇ, "ಆಯ್ತು ಸಾರ್, ಬಿಟ್ಬಿಡಿ. ಆರ್ಡರ್ ಲೇಟಾಗ್ತಿದೆ" ಅಂದ.

ಆ ಭಾನುವಾರ ಎದ್ದು ನಿಂತು ಹೇಳಿದೆ. ಹತ್ತು ತಕಲಿಗಳೂ ತಿರುಗುತ್ತಲೇ ಇದ್ದವು. ಹೇಳಿ ಕೂತ ಮೇಲೆ ಮನಸ್ಸು ಹಗುರಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಕಾಫಿ ಕೊಡುತ್ತಾ, ಹಾಲ್ ನೋಡಿಕೊಳ್ಳುವ ಹೆಂಗಸು ಮೆಲ್ಲಗೆ ಕೇಳಿದರು.

"ಇವ್ರ ಹತ್ರ ಎಲ್ಲಾ ಹೇಳಿದ್ರಿ ಸಾರ್. ಏಟು ತಿಂದೋರ್ ಹತ್ರ ಹೇಳಿದ್ರಾ?"

ಕಾಫಿ ಲೋಟ ಕೆಳಗಿಟ್ಟೆ. ಇಷ್ಟು ವರ್ಷದಲ್ಲಿ ನನ್ನಿಂದ ಬೈಸಿಕೊಂಡ ಒಬ್ಬರ ಬಳಿಗೂ ನಾನು ಹೋದವನಲ್ಲ. ನಮ್ಮಲ್ಲಿ ಯಾರೂ ಹೋಗಿರಲಿಲ್ಲ. ಸಮಾಜ ಕಟ್ಟುತ್ತೇವಂತೆ ನಾವು! ನಾಚಿಕೆಯಾಗಬೇಕು.

ಮಾರನೆಯ ದಿನವೇ ಬಸವನಗುಡಿಯ ಹೋಟೆಲೊಂದರ ಮುಂದೆ ಹೋಗಿ ನಿಂತೆ. ನಮ್ಮ ಕಡೆಯ ಡೆಲಿವರಿಯವರು ಪಾರ್ಸಲ್‌ಗೆ ಕಾಯುವುದು ಅಲ್ಲಿಯೇ. ಹದಿನೈದಿಪ್ಪತ್ತು ಜನರಿದ್ದರು, ಎಲ್ಲರದೂ ಒಂದೇ ಬಣ್ಣದ ಟೀ ಶರ್ಟು. ನಾನು ಮಿಕಮಿಕ ನೋಡುತ್ತಿದ್ದುದನ್ನು ಕಂಡು, ನಲವತ್ತು ದಾಟಿದ ಒಬ್ಬಾತ ಹತ್ತಿರ ಬಂದು ಯಾರು ಬೇಕಿತ್ತೆಂದು ವಿಚಾರಿಸಿದ. ಮೊನ್ನೆ ನಿಮ್ಮವರೊಬ್ಬರಿಗೆ ಹೊಡೆದೆ, ಕ್ಷಮೆ ಕೇಳಬೇಕಿತ್ತು ಎಂದೆ. ಅವನು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದ.

"ನೋಡೋಕೆ ಹೇಗಿದ್ರು ಸಾರ್?"

ಗಡ್ಡವಿತ್ತೇ, ಮೈಬಣ್ಣ ಎಂಥದು, ವಯಸ್ಸೆಷ್ಟು, ಒಂದೂ ಹೊಳೆಯಲಿಲ್ಲ. ಅಷ್ಟು ಹತ್ತಿರದಿಂದ ಹೊಡೆದಿದ್ದೆ, ಆ ಮುಖವನ್ನು ನೋಡಿಯೇ ಇರಲಿಲ್ಲ. ಎದುರು ನಿಂತು ಕೇಳುತ್ತಿದ್ದವನೇ ಅವನಾಗಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ.